ಅಟ್ಟದಿಂದ ಇಳಿದ ತೊಟ್ಟಿಲು

ಪ್ರಶ್ನೆ: ನನಗೆ 29. ಮದುವೆಯಾಗಿ ಮೂರು ವರ್ಷ. ನಾನೂ ನನ್ನವರೂ ದಿನಾ ರೈಲಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೇವೆ, ಇಬ್ಬರದೂ ಖಾಸಗಿ ಕಂಪನಿ. ಮಗು ಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಹೋದಲ್ಲೆಲ್ಲ ‘ವಿಶೇಷ ಉಂಟಾ?’ ಅಂತ ಕೇಳ್ತಾರೆ. ನೆರೆಮನೆಯ ಮಾಸ್ಟ್ರು, ‘ಕನ್ನಡ ಶಾಲೆಗೆ ಮಕ್ಕಳೇ ಇಲ್ಲ, ನೀವೂ ಹೀಗೆ ಮಾಡಿದ್ರೆ?’ ಎನ್ನುತ್ತಾರೆ. ಕಳೆದ ವಾರ ಅತ್ತೆ ಅಟ್ಟದಿಂದ ಹಳೇ ತೊಟ್ಟಿಲು ಇಳಿಸಿ, ತೊಳೆದು ಅಂಗಳದಲ್ಲಿ ಒಣಗಿಸಿದರು. ನನ್ನವರು ಮಾತ್ರ ‘ನೀನು ಹೇಳಿದ ಹಾಗೆ’ ಎಂದು ಸುಮ್ಮನಾಗುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಕುಂಬಳೆ, ಕಾಸರಗೋಡು (ಕೇರಳ)

ಉತ್ತರ: ಮಾಸ್ಟ್ರನ್ನು ಬಿಡಿ. ಶಾಲೆ ತುಂಬಿಸಲಿಕ್ಕೆ ಅಂತ ಯಾರೂ ಹೆರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕೇರಳದ ಲೆಕ್ಕ ಹೆಣ್ಣೊಬ್ಬಳಿಗೆ 1.8 ಮಕ್ಕಳು. ಅದು ನಿಮ್ಮೊಬ್ಬರಿಂದ ಆದದ್ದಲ್ಲವಲ್ಲ.

ನನಗೆ ಚುಚ್ಚಿದ್ದು ‘ನೀನು ಹೇಳಿದ ಹಾಗೆ’. ನಮ್ಮವರೂ ಹಾಗೇ ಅಂದಿದ್ದರು. ಕೇಳಲು ಎಷ್ಟು ಹಿತ! ಮಗಳು ಹುಟ್ಟಿದ ಮೇಲೆ ಗೊತ್ತಾಯಿತು, ತೀರ್ಮಾನ ನನ್ನದಾದರೆ ರಾತ್ರಿ ಎರಡು ಗಂಟೆಯ ಅಳುವೂ ನನ್ನದೇ ಎಂದು. ಒಮ್ಮೆ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಅನ್ನ ಬಸಿಯುತ್ತಿದ್ದೆ. ಅವರು ಪೇಪರ್ ಮಡಚಿಟ್ಟು, ‘ಪಾಪ, ಯಾಕೆ ಅಳ್ತಾಳೆ?’ ಎಂದರು. ಮಗಳಿಗೀಗ 31. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಹಾಗಾಗಿ ‘ಮಗು ಬೇಕಾ?’ ಅಂತ ನಿಮ್ಮವರನ್ನು ಕೇಳಬೇಡಿ. ನಿಮಗೆ ಹೆರಿಗೆ ರಜೆ 26 ವಾರ. ಖಾಸಗಿ ಕೆಲಸದ ಅಪ್ಪನಿಗೆ ಅಂಥ ಕಾನೂನೇ ಇಲ್ಲ. ಅಂಗನವಾಡಿಗೆ ಕಳಿಸಲು ಮೂರು ವರ್ಷ ತುಂಬಬೇಕು. 27ನೇ ವಾರ ನೀವಿಬ್ಬರೂ ರೈಲು ಹತ್ತಿದರೆ ಮಗು ಯಾರ ಕೈಯಲ್ಲಿ? ಅತ್ತೆಯ ಕೈಯಲ್ಲಿ ಅಂತಾದರೆ ಅವರನ್ನು ಕೇಳಿದಿರಾ? ಅವರ ಮೊಣಕಾಲು ಹೇಗುಂಟು? ಇದಕ್ಕೆ ನಿಮ್ಮವರು ಬಾಯಿಬಿಟ್ಟು ಉತ್ತರ ಹೇಳಲಿ. ಬೇಡ ಅಂತಾದರೂ ಅತ್ತೆಗೆ ಅವರೇ ಹೇಳಲಿ, ಅವರ ಅಮ್ಮ ತಾನೇ?

ಅತ್ತೆಯ ಗಡಿಬಿಡಿಯಲ್ಲಿ ಸ್ವಲ್ಪ ನಿಜವೂ ಉಂಟು. 35 ದಾಟಿದ ಮೇಲೆ ಗರ್ಭ ನಿಲ್ಲುವುದು ಕಷ್ಟವಾಗುತ್ತಾ ಹೋಗುತ್ತದೆ. ಬೇಕು ಅನಿಸಿದರೆ ಮೊದಲೇ ಡಾಕ್ಟರನ್ನು ಕಾಣಿ. ಫೋಲಿಕ್ ಆಸಿಡ್ ಮಾತ್ರೆ ಗರ್ಭ ನಿಲ್ಲುವ ಮೊದಲೇ ಶುರು ಮಾಡಬೇಕು. ತಡವಾದರೆ ಪರೀಕ್ಷೆ ಇಬ್ಬರಿಗೂ, ನಿಮಗೊಬ್ಬರಿಗೇ ಅಲ್ಲ.

ತೊಟ್ಟಿಲನ್ನು ಮಾತ್ರ ವಾಪಸ್ ಅಟ್ಟಕ್ಕೆ ಹಾಕಿಸಬೇಡಿ, ಅತ್ತೆಗೆ ಬೇಜಾರಾದೀತು. ನಮ್ಮನೆಯದರಲ್ಲಿ ಈಗ ತೆಂಗಿನಕಾಯಿ ಉಂಟು.