ಪ್ರಜ್ಞೆ ಇಲ್ಲದ ರೋಗಿಗೆ ಕ್ಯಾಥೊಲಿಕ್ ಪಾದ್ರಿ ಕೊನೆಯ ಸಂಸ್ಕಾರ ಕೊಡಬಹುದಾ?

ಧಾರಾಳವಾಗಿ ಕೊಡಬಹುದು. ಮುಂಬೈನ ಬಾಂದ್ರಾದ ಯಾವುದೋ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ಮಂಗಳೂರು ಮೂಲದ ಅಜ್ಜಿಗೂ ರೋಗಿಗಳ ಅಭ್ಯಂಗ, ಅಂದರೆ ಕೊನೆಯ ಸಂಸ್ಕಾರದಲ್ಲಿ ಎಣ್ಣೆ ಹಚ್ಚುವ ವಿಧಿ, ಸಿಗುತ್ತದೆ. ಪಾದ್ರಿ ಪವಿತ್ರ ಎಣ್ಣೆಯನ್ನು ಹಣೆಗೆ, ಕೈಗಳಿಗೆ ಹಚ್ಚಿ ಪ್ರಾರ್ಥಿಸುತ್ತಾರೆ. ಕೈತುಂಬ ಡ್ರಿಪ್, ಪ್ಲಾಸ್ಟರ್ ಇದ್ದರೆ ಹಣೆಯೊಂದೇ ಸಾಕು.

ಬಾಯಿಬಿಟ್ಟು ಕೇಳದವರಿಗೆ ಹೇಗೆ ಅಂತೀರಾ? ಚರ್ಚಿನ 1983ರ ಕಾನೂನಿನ ಪ್ರಕಾರ, ಎಚ್ಚರವಿದ್ದಾಗ ಪರೋಕ್ಷವಾಗಿ ಬಯಸಿದ್ದರೂ ನಡೆಯುತ್ತದೆ. ಜೀವನಪೂರ್ತಿ ಚರ್ಚಿನ ಪೂಜೆಗೆ ಹೋದವರು ಇದನ್ನೂ ಬಯಸುತ್ತಿದ್ದರು ಅಂತಲೇ ಲೆಕ್ಕ, ಅಲ್ವಾ? ಮನಸ್ಸಲ್ಲಿ ಪಶ್ಚಾತ್ತಾಪ ಇದ್ದರೆ, ಪಾಪನಿವೇದನೆ (ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದು) ಮಾಡಲಾಗದವರಿಗೆ ಅಭ್ಯಂಗದಿಂದಲೇ ಪಾಪಕ್ಷಮೆ ಸಿಗುತ್ತದೆ. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಮಾತ್ರ ಆಗಲ್ಲ, ನುಂಗಬೇಕಲ್ಲ.

ಜೀವ ಇದೆಯೋ ಇಲ್ಲವೋ ಅನುಮಾನವಿದ್ದರೂ ಕೊಡುತ್ತಾರೆ. ತೀರಿಕೊಂಡಿದ್ದು ಖಚಿತವಾದರೆ ಕೊಡುವುದಿಲ್ಲ, ಬರೀ ಪ್ರಾರ್ಥನೆ. ಮುಂಬೈ ಟ್ರಾಫಿಕ್ ಗೊತ್ತಲ್ಲ, ಫಾದರ್‌ಗೆ ಸ್ವಲ್ಪ ಮೊದಲೇ ಫೋನ್ ಮಾಡಿ.