ಜೇಬಿನ ಡಬ್ಬಿಯಲ್ಲಿ ಫಾಯಿಲ್ ಯಾಕೆ?

ಪ್ರಶ್ನೆ: ಶನಿವಾರ ಬಂತೆಂದರೆ ನಾವು ಗೆಳೆಯರು ಸಾವನದುರ್ಗವೋ ಕುಮಾರ ಪರ್ವತವೋ ಅಂತ ಚಾರಣಕ್ಕೆ ಹೊರಡುತ್ತೇವೆ. ಜೇಬಿನ ತುರ್ತು ಡಬ್ಬಿಯಲ್ಲಿ ಅಲ್ಯೂಮಿನಿಯಂ ಫಾಯಿಲ್ ಇರಲೇಬೇಕು ಅನ್ನುತ್ತಾರೆ. ಚಪಾತಿ ಸುತ್ತುವ ಹಾಳೆಗೆ ಕಾಡಿನಲ್ಲೇನು ಕೆಲಸ?
– ಓದುಗ, ಬಸವನಗುಡಿ, ಬೆಂಗಳೂರು

ಉತ್ತರ: ಕೆಲಸ ಇದೆ, ಆದರೆ ಆ ತೆಳು ಹಾಳೆ ಬೇಡ. ಎರಡು ಸಲ ಮಡಚಿದರೆ ಗೆರೆಯಲ್ಲೇ ತೂತು ಬೀಳುತ್ತದೆ. ಅಂಗಡಿಯಲ್ಲಿ ದಪ್ಪನೆಯದು ಕೇಳಿ. ಒಂದು ಮೊಳ ಸಾಕು, ಲೈಟರ್‌ಗೆ ಸುತ್ತಿಟ್ಟರೆ ಜಾಗವೂ ಹಿಡಿಯುವುದಿಲ್ಲ.

ದೊಡ್ಡ ಲಾಭ ಅಂದರೆ ನೀರು ಕುದಿಸುವುದು. ಎರಡು ಪದರ ಮಾಡಿ, ಬಾಟಲಿಯ ಬುಡಕ್ಕೆ ಒತ್ತಿ ಲೋಟದ ಆಕಾರ ಕೊಡಿ, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೊಂದು ನಿಮಿಷ ಬಿಟ್ಟರೆ ರೋಗಾಣುಗಳು ಸಾಯುತ್ತವೆ (ಕೆಸರು, ರಾಸಾಯನಿಕ ಹೋಗುವುದಿಲ್ಲ, ನೆನಪಿರಲಿ). ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗೆ ನೀರಿದ್ದರೆ ತಳ ಅಷ್ಟು ಕಾಯುವುದಿಲ್ಲ, ಖಾಲಿ ಬಿಟ್ಟರೆ ಕೆಂಡದಲ್ಲಿ ತೂತಾಗಬಹುದು.

ಬಿಸಿಲಿದ್ದರೆ ಹೊಳೆಯುವ ಬದಿಯಿಂದ ಸನ್ನೆಯನ್ನೂ ಮಾಡಬಹುದು, ಕನ್ನಡಿಯಷ್ಟು ಚೆನ್ನಾಗಿ ಅಲ್ಲ. ಮೈ ಬೆಚ್ಚಗಿಡುತ್ತದೆ ಅನ್ನುವುದು ಸುಮ್ನೆ ಮಾತು, ಅಷ್ಟು ತುಂಡು ಯಾವ ಮೂಲೆಗೆ ಸಾಕು?

ಅಂದಹಾಗೆ, ನಮ್ಮ ಕಾಡುಗಳಲ್ಲಿ ಬೆಂಕಿ ಹಾಕುವಂತಿಲ್ಲ, ನಿಜವಾದ ಆಪತ್ತಿಗೆ ಮಾತ್ರ ಇದು. ಹೊರಡುವ ಮೊದಲು ಮನೆಯ ಸಿಂಕಿನಲ್ಲಿ ಲೋಟ ಮಾಡಿ ನೀರು ತುಂಬಿ ನೋಡಿ. ನನ್ನ ಮೊದಲ ಲೋಟ ಜರಡಿಯಾಗಿತ್ತು!