ನಿಮ್ಮ ಮಲೇರಿಯಾ ಲೇಖನವನ್ನು ತಿದ್ದಲು ಹಿಂದಿರುಗಿಸುತ್ತಿದ್ದೇವೆ

ನಮಸ್ಕಾರ. ‘ಮಲೇರಿಯಾ ಗೆಲ್ಲುವ ರೋಗನಿರೋಧಕ ಜೀನ್‌ಗಳು’ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡುವಂಥದ್ದಲ್ಲ, ತಿದ್ದಿ ಕಳಿಸಿ.

ಅರ್ಧ ಲೇಖನವನ್ನು ನೀವು ಕುಡಗೋಲು ಕಣಕ್ಕೇ (ಕುಡಗೋಲಿನಂತೆ ಬಾಗುವ ಕೆಂಪು ರಕ್ತಕಣ) ಕೊಟ್ಟಿದ್ದೀರಿ. ಅದು ಹಿಮೋಗ್ಲೋಬಿನ್ನಿನ ಜೀನ್, ರೋಗನಿರೋಧಕ ಜೀನ್ ಅಲ್ಲ. ಡಫಿಯೂ ಕೆಂಪು ರಕ್ತಕಣದ ಮೇಲಿನ ಪ್ರೋಟೀನು. ಅದಿಲ್ಲದಿದ್ದರೆ ವೈವಾಕ್ಸ್ ಪರಾವಲಂಬಿಗೆ ಕಣದೊಳಗೆ ನುಗ್ಗುವುದು ಕಷ್ಟ. ಮಲೇರಿಯಾದ ಇನ್ನೊಂದು ಪರಾವಲಂಬಿ ಫಾಲ್ಸಿಪಾರಮ್‌ಗೆ ಅದರ ಹಂಗಿಲ್ಲ. ಯಾವ ಪರಾವಲಂಬಿ ಎಂದು ಪ್ರತಿ ಸಲವೂ ಹೆಸರಿಸಿ.

ಹೇಳಲೇಬೇಕಾದ ಎಚ್‌ಎಲ್‌ಎ-ಬಿ53 (ಎಚ್‌ಎಲ್‌ಎ ಎಂಬ ರೋಗನಿರೋಧಕ ಜೀನಿನ ಒಂದು ರೂಪ) ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ. ಗ್ಯಾಂಬಿಯಾದ ಮಕ್ಕಳ ಮೇಲಿನ 1991ರ ಅಧ್ಯಯನದಲ್ಲಿ, ತೀವ್ರ ಮಲೇರಿಯಾ ಆದವರಲ್ಲಿ ಈ ರೂಪ ಕಡಿಮೆ ಕಂಡಿತು. ಎಚ್‌ಎಲ್‌ಎ ಅಣು ಪರಾವಲಂಬಿಯ ಪ್ರೋಟೀನ್ ಚೂರುಗಳನ್ನು ಜೀವಕೋಶದ ಹೊರಮೈಯಲ್ಲಿ ಹಿಡಿದು ತೋರಿಸುತ್ತದೆ, ರೋಗನಿರೋಧಕ ಟಿ-ಕೋಶ ಅದನ್ನು ಗುರುತಿಸಿ ಆ ಜೀವಕೋಶವನ್ನು ಕೊಲ್ಲುತ್ತದೆ. ಬಲಿತ ಕೆಂಪು ಕಣದ ಮೇಲೆ ಈ ಅಣು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬಿ53ರ ಕೆಲಸ ನಡೆಯುವುದು ಯಕೃತ್ತಿನಲ್ಲಿ, ಪರಾವಲಂಬಿ ರಕ್ತಕ್ಕಿಳಿಯುವ ಮೊದಲು ಅಲ್ಲಿ ಅಡಗಿರುವ ಸುಮಾರು ಒಂದು ವಾರದಲ್ಲಿ ಎಂಬುದು ಸಂಶೋಧಕರ ವಿವರಣೆ. ನೀವು ರಕ್ತಕಣದ ಚಿತ್ರ ಕೊಟ್ಟಿದ್ದೀರಿ. ಅಲ್ಲಿ ಯಕೃತ್ತಿನ ಕೋಶ ಬರಬೇಕು.

‘ಬಿ53 ಇದ್ದವರಿಗೆ ಮಲೇರಿಯಾ ಬರುವುದಿಲ್ಲ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಸೋಂಕು ತಗಲುತ್ತದೆ, ಕಡಿಮೆಯಾಗುವುದು ತೀವ್ರ ರೋಗದ ಅಪಾಯ. ಉದಾಹರಣೆಗೆ, ಸಾವಿರ ಮಕ್ಕಳಲ್ಲಿ ಹತ್ತು ಮಂದಿಗೆ ತೀವ್ರ ಮಲೇರಿಯಾ ಆಗುವ ಕಡೆ ಅಪಾಯ ಶೇ 40ರಷ್ಟು ಇಳಿದರೂ ಆರು ಮಕ್ಕಳು ಆಸ್ಪತ್ರೆ ಸೇರುತ್ತಾರೆ. ನಿಮ್ಮ ಸಾಲು ನಂಬಿ ಯಾರೋ ಸೊಳ್ಳೆಪರದೆ ಬಿಟ್ಟರೆ ಆ ಹೊಣೆ ನಮ್ಮದೂ ಹೌದು.

ಟಿಎನ್‌ಎಫ್ (ಉರಿಯೂತ ಹುಟ್ಟಿಸುವ ರೋಗನಿರೋಧಕ ಪ್ರೋಟೀನಿನ ಜೀನ್) ಭಾಗ ಇನ್ನೂ ದುರ್ಬಲ. ಅದಕ್ಕೂ ತೀವ್ರ ಮಲೇರಿಯಾಕ್ಕೂ ನಂಟಿದೆ ಎಂದ 1994ರ ವರದಿಯನ್ನೇ ಕೊನೆಯ ಮಾತೆಂದು ಹಿಡಿದಿದ್ದೀರಿ. 2014ರಲ್ಲಿ ತೀವ್ರ ಮಲೇರಿಯಾದ 11,890 ರೋಗಿಗಳನ್ನು 17,441 ಇತರರೊಡನೆ ಹೋಲಿಸಿ, ಹಿಂದೆ ಹೆಸರಾಗಿದ್ದ 27 ಜೀನ್ ತಾಣಗಳನ್ನು ಮತ್ತೆ ಪರೀಕ್ಷಿಸಿದರು. ಐದು ಉಳಿದವು, 22ರಲ್ಲಿ ಸಂಬಂಧ ಮತ್ತೆ ಕಾಣಲಿಲ್ಲ. ಟಿಎನ್‌ಎಫ್ ಆ 22ರಲ್ಲಿ ಒಂದು. ಏಕೆ ಹೀಗಾಗುತ್ತದೆ ಎಂಬುದನ್ನೂ ಬರೆಯಿರಿ: ಸಣ್ಣ ಅಧ್ಯಯನದಲ್ಲಿ ಆಕಸ್ಮಿಕವೂ ದೊಡ್ಡದಾಗಿ ಕಾಣುತ್ತದೆ, ರೋಗಿಗಳು ಒಂದು ಸಮುದಾಯದವರು, ಹೋಲಿಕೆಗೆ ತೆಗೆದುಕೊಂಡವರು ಇನ್ನೊಂದು ಸಮುದಾಯದವರು ಆದರೆ ಇಲ್ಲದ ನಂಟು ಹುಟ್ಟುತ್ತದೆ. ಟಿಎನ್‌ಎಫ್ ಆರನೇ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಜೀನ್‌ಗಳ ನಡುವೆಯೇ ಇದೆ. ಅವು ಒಟ್ಟಾಗಿ ಮಕ್ಕಳಿಗೆ ಇಳಿಯುವುದರಿಂದ, ಫಲ ಯಾವುದರದು ಎಂದು ಬಿಡಿಸುವುದು ಕಷ್ಟ.

ಇನ್ನು ‘ಮಲೇರಿಯಾ ಎದುರಿಸಲು ದೇಹ ಜೀನ್ ಬದಲಿಸಿಕೊಂಡಿತು’ ಎನ್ನಬೇಡಿ. ಬದಲಾವಣೆ ತಾನಾಗಿ ಆಯಿತು. ಅದಿದ್ದ ಮಕ್ಕಳು ಹೆಚ್ಚು ಬದುಕಿ ಬೆಳೆದರು, ಅವರ ಮಕ್ಕಳಲ್ಲಿ ಅದು ಉಳಿಯಿತು.

ಕುಡಗೋಲು ಕಣಕ್ಕೆ ಒಂದು ಪ್ಯಾರಾ ಸಾಕು. ಬಿ53ರಿಂದಲೇ ಲೇಖನ ಶುರುಮಾಡಿ.